ತೊರವಿಯ ಸಂಗೀತ ಮಹಲು

ವಿಜಯಪುರದಿಂದ ಪಡುವಣಕ್ಕೆ, ತಿಕೋಟಾದ ದಾರಿಯಲ್ಲಿ ನಾಲ್ಕಾರು ಮೈಲಿ ಸಾಗಿದರೆ ತೊರವಿ ಸಿಗುತ್ತದೆ. ಕನ್ನಡ ಸಾಹಿತ್ಯವನ್ನು ಓದಿದವರಿಗೆ ಈ ಊರಿನ ಹೆಸರು ಹೊಸದಲ್ಲ. ಸುಮಾರು ಕ್ರಿ.ಶ. ೧೫೦೦ರಲ್ಲಿ ನರಹರಿ ಎಂಬ ಕವಿ, ಕುಮಾರ ವಾಲ್ಮೀಕಿ ಎನಿಸಿಕೊಂಡವನು, ಇಲ್ಲಿಯ ನರಸಿಂಹನ ಅಂಕಿತದಲ್ಲಿ ರಾಮಾಯಣವನ್ನು ಭಾಮಿನಿ ಷಟ್ಪದಿಯಲ್ಲಿ ಹಾಡಿದ. ಅದಾಗಿ ನೂರು ವರ್ಷ ತುಂಬುವ ಹೊತ್ತಿಗೆ ಅದೇ ತೊರವಿಯ ಮಗ್ಗುಲಲ್ಲಿ ಒಬ್ಬ ಸುಲ್ತಾನ ಸಂಗೀತಕ್ಕೆಂದೇ ಒಂದು ನಗರವನ್ನು ಕಟ್ಟಲು ಹೊರಟ. ಆ ನಗರದಲ್ಲಿ ಇಂದು ಎದ್ದು ಕಾಣುವುದು ಮುಖ್ಯವಾಗಿ ಸಂಗೀತ ಮಹಲು. ಅದರ ನೆರೆಯಲ್ಲಿ ನಾರಿ ಮಹಲೆಂದು ಜನ ಕರೆಯುವ ಇನ್ನೊಂದು ಪಾಳು ಕಟ್ಟಡ. ನಮ್ಮ ನಾಡಿನ ಹಳೆಯ ರಂಗಮಂದಿರಗಳ ಮಾತು ಬಂದಾಗ ನಾವು ಕಂಪನಿ ನಾಟಕಗಳ ತಗಡಿನ ಥಿಯೇಟರುಗಳಿಂದ ಮೊದಲು ಮಾಡುತ್ತೇವೆ. ನನ್ನ ಮಟ್ಟಿಗೆ ಆ ಮಾತು ತೊರವಿಯಿಂದ ಮೊದಲಾಗಬೇಕು.

ಆ ಸುಲ್ತಾನ ಎರಡನೆಯ ಇಬ್ರಾಹಿಂ ಆದಿಲಶಾಹ. ೧೫೮೦ರಲ್ಲಿ, ಒಂಬತ್ತರ ಎಳವೆಯಲ್ಲಿ ಪಟ್ಟಕ್ಕೆ ಬಂದವನು, ಚಾಂದಬೀಬಿಯ ಪೋಷಣೆಯಲ್ಲಿ ಬೆಳೆದವನು, ೧೬೨೭ರವರೆಗೆ ಆಳಿದವನು. ಪ್ರಜೆಗಳು ಅವನನ್ನು ಜಗದ್ಗುರುವೆಂದು ಕರೆದರು. ‘ನವರಸ’ ಎಂಬ ಒಂದು ಶಬ್ದದ ಗುಂಗು ಅವನಿಗೆ ಹಿಡಿದಿತ್ತು. ನಮ್ಮ ಅಲಂಕಾರಶಾಸ್ತ್ರದ ಒಂಬತ್ತು ರಸಗಳು ಆ ಶಬ್ದದಲ್ಲಿವೆ. ಪಾರಸಿಯವರ ಕಿವಿಗೆ ಅದೇ ಶಬ್ದ ‘ಹೊಸದಾಗಿ ಬಂದದ್ದು’ ಎಂದು ಕೇಳುತ್ತದೆ. ಎರಡು ಭಾಷೆಗಳ ನಡುವೆ ಬಾಳುತ್ತಿದ್ದ ಆಸ್ಥಾನಕ್ಕೆ ಇದಕ್ಕಿಂತ ಒಪ್ಪುವ ಹೆಸರು ಇರಲಾರದು. ಅವನು ದಖ್ಖನಿಯಲ್ಲಿ ರಚಿಸಿದ ಹಾಡುಗಳ ಗ್ರಂಥ ‘ಕಿತಾಬ್-ಎ-ನವರಸ್’. ಫರಿಷ್ತಾ ಅವನ ಆಶ್ರಯದಲ್ಲಿ ಬರೆದ ಇತಿಹಾಸಕ್ಕೂ ‘ನವರಸನಾಮಾ’ ಎಂಬ ಇನ್ನೊಂದು ಹೆಸರಿದೆ. ೧೫೯೯ರಲ್ಲಿ ತೊರವಿಯ ಬಳಿ ಎದ್ದ ಹೊಸ ನಗರ ನವರಸಪುರ.

ಈಗ ಕಟ್ಟಡಕ್ಕೆ ಬರೋಣ. ಎತ್ತರವಾದ ಪ್ರಾಕಾರದ ಒಳಗೆ ವಿಶಾಲವಾದ ಅಂಗಳ. ಅಂಗಳದಲ್ಲಿ ಮಹಲಿನ ಎದುರಿಗೇ ಒಂದು ಕೊಳ. ಮಹಲಿನ ಮುಖದಲ್ಲಿ ಗೋಡೆಯೇ ಇಲ್ಲ. ನಡುವೆ ಅಗಲವಾದ ಒಂದು ಮಹಾಕಮಾನು, ಅದರ ಎಡಬಲಕ್ಕೆ ಅಷ್ಟೇ ಎತ್ತರದ ಇಕ್ಕಟ್ಟಾದ ಎರಡು ಕಮಾನುಗಳು. ಛಾವಣಿ ಬಿದ್ದುಹೋಗಿದೆ. ವಿಜಯಪುರದ ಅರಕಿಲ್ಲೆಯಲ್ಲಿ ೧೫೬೧ರಲ್ಲಿ ಮೊದಲನೆಯ ಅಲಿ ಆದಿಲಶಾಹ ಕಟ್ಟಿಸಿದ ಗಗನ ಮಹಲನ್ನು ನೋಡಿದವರಿಗೆ ಇದರ ಗುರುತು ತಟ್ಟನೆ ಹತ್ತುತ್ತದೆ. ಗಗನ ಮಹಲಿನ ನಡುಗಮಾನು ಸುಮಾರು ೬೦ ಅಡಿ ಅಗಲದ್ದು. ತೊರವಿಯದು ಅದೇ ನಕ್ಷೆಯ ಚಿಕ್ಕ ರೂಪ. ವಿಜಾಪುರದ ಸ್ಮಾರಕಗಳನ್ನು ಅಳೆದು ಬರೆದ ಹೆನ್ರಿ ಕಸಿನ್ಸ್ ೧೯೧೬ರ ತನ್ನ ಗ್ರಂಥದಲ್ಲಿಯೇ ಈ ಹೋಲಿಕೆಯನ್ನು ತೋರಿಸಿದ್ದಾನೆ.

ಈ ಹೋಲಿಕೆಯಿಂದ ಒಂದು ತೊಡಕು ಹುಟ್ಟುತ್ತದೆ. ಇಂದು ಸಂಗೀತ ಮಹಲನ್ನು ನೋಡಲು ಬರುವವರು ಆ ಕಮಾನನ್ನು ನಮ್ಮ ನಾಟಕಗೃಹಗಳ ರಂಗದ ಚೌಕಟ್ಟೆಂದೇ ಬಗೆಯುತ್ತಾರೆ. ಗಾಯಕ ಅದರೊಳಗೆ ಕುಳಿತು ಹಾಡುತ್ತಿದ್ದ, ಅಂಗಳದಲ್ಲಿ ಸಭಿಕರು ನೆರೆಯುತ್ತಿದ್ದರು ಎಂದು ಕಲ್ಪಿಸಿಕೊಳ್ಳುತ್ತಾರೆ. ನನಗೆ ಹಾಗೆ ತೋರುವುದಿಲ್ಲ. ಗಗನ ಮಹಲು ದರ್ಬಾರಿನ ಕಟ್ಟಡ. ಅಲ್ಲಿ ಕಮಾನಿನ ಒಳಗೆ ಕೂಡುತ್ತಿದ್ದವನು ಅರಸ. ಮುಖಗೋಡೆಯನ್ನು ಬಿಟ್ಟದ್ದು ಅಂಗಳದ ಜನಕ್ಕೆ ಅವನು ಕಾಣಲೆಂದು, ಅಂಗಳದ ನೋಟ ಅವನಿಗೆ ದಕ್ಕಲೆಂದು. ಅದೇ ನಕ್ಷೆಯನ್ನು ಸಂಗೀತಕ್ಕೆ ತಂದಾಗ ಕಮಾನಿನ ನೆರಳು ಯಾರ ಪಾಲಿಗೆ ಬಂತು? ಕೇಳುವ ಅರಸನ ಪಾಲಿಗೋ, ಹಾಡುವವನ ಪಾಲಿಗೋ? ಅರಸ ತಾನೇ ಹಾಡುಗಾರನಾದುದರಿಂದ ಇಬ್ಬರೂ ಒಂದೇ ನೆರಳಿನಲ್ಲಿ ಕುಳಿತಿರಬಹುದು ಎಂದು ನನ್ನ ಊಹೆ. ಊಹೆಗೆ ಒಂದು ಆಧಾರವಿದೆ.

ಅಕ್ಬರನ ದೂತನಾಗಿ ೧೬೦೩–೦೪ರ ಸುಮಾರಿಗೆ ವಿಜಾಪುರಕ್ಕೆ ಬಂದ ಅಸದ್ ಬೇಗ್ ತನ್ನ ಅನುಭವವನ್ನು ಬರೆದಿಟ್ಟಿದ್ದಾನೆ. ಇಲ್ಲಿಂದ ಅಕ್ಬರನ ಆಸ್ಥಾನಕ್ಕೆ ತಂಬಾಕನ್ನು ಒಯ್ದವನೂ ಇವನೇ. ಅದು ಬೇರೆ ಕಥೆ. ಸುಲ್ತಾನ ಸಂಗೀತದಲ್ಲಿ ಎಷ್ಟು ಮುಳುಗಿದ್ದನೆಂದರೆ ದೂತನ ಮಾತಿಗೆ ಉತ್ತರ ಕೊಡುವುದೇ ಅವನಿಗೆ ಕಷ್ಟವಾಗಿತ್ತಂತೆ. ಆದರೆ ತಾನಾಗಿ ಒಂದು ಪ್ರಶ್ನೆಯನ್ನು ಕೇಳಿದ: ತಾನಸೇನ ನಿಮ್ಮ ಬಾದಶಹನ ಮುಂದೆ ನಿಂತು ಹಾಡುತ್ತಿದ್ದನೋ, ಕುಳಿತೋ? ಹಗಲಿನ ದರ್ಬಾರಿನಲ್ಲಿ ನಿಲ್ಲಬೇಕು, ರಾತ್ರಿಯಲ್ಲಿ ಮತ್ತು ಹಬ್ಬಗಳಲ್ಲಿ ಕೂಡಲು ಅಪ್ಪಣೆಯುಂಟು ಎಂದು ದೂತ ಹೇಳಿದ. ಸಂಗೀತ ಸದಾ ಕೇಳತಕ್ಕದ್ದು, ಸಂಗೀತಗಾರರನ್ನು ಸಂತೋಷದಲ್ಲಿಡತಕ್ಕದ್ದು ಎಂಬರ್ಥದ ಮಾತನ್ನು ಸುಲ್ತಾನ ಆಡಿದ. ರಾಜಕಾರಣದ ದೂತನಿಗೆ ಇದು ಹುಚ್ಚೆನಿಸಿರಬೇಕು. ಗಾಯಕನ ಕಾಲುಗಳ ಬಗೆಗೆ ಚಿಂತಿಸಿದ ಅರಸರು ನಮ್ಮ ಚರಿತ್ರೆಯಲ್ಲಿ ಎಷ್ಟು ಮಂದಿ? ಇಂಥವನು ಕಟ್ಟಿಸಿದ ಮನೆಯಲ್ಲಿ ಹಾಡುವವನು ಬಿಸಿಲಿನಲ್ಲಿ ಕೈಕಟ್ಟಿ ನಿಂತಿದ್ದನೆಂದು ನಂಬುವುದು ಕಷ್ಟ.

ಇನ್ನೊಂದು ಸಾಕ್ಷ್ಯ ಜಹಾಂಗೀರನ ಆತ್ಮಕಥನದಲ್ಲಿದೆ. ಬಖ್ತರ್ ಖಾನನೆಂಬ ಕಲಾವಂತನಿಗೆ ಇಬ್ರಾಹಿಂ ತನ್ನ ಸೋದರನ ಮಗಳನ್ನೇ ಮದುವೆ ಮಾಡಿಕೊಟ್ಟು, ಧ್ರುಪದ ಗಾಯನದಲ್ಲಿ ಅವನನ್ನು ಗುರುವಾಗಿ ಇಟ್ಟುಕೊಂಡಿದ್ದನು. ಆ ಬಖ್ತರ್ ಖಾನ ಒಂದು ದಿನ ಫಕೀರನ ವೇಷದಲ್ಲಿ ಮೊಗಲರ ಆಸ್ಥಾನದಲ್ಲಿ ಕಾಣಿಸಿಕೊಂಡ. ಜಹಾಂಗೀರ ಅವನಿಗೆ ಹತ್ತು ಸಾವಿರ ರೂಪಾಯಿ ಕೊಟ್ಟು ಸತ್ಕರಿಸಿದ; ಆದರೆ ಇವನು ಒಡೆಯನ ಅಪ್ಪಣೆಯಿಲ್ಲದೆ ಬಂದವನೋ, ಗೂಢಚಾರನೋ ಎಂಬ ಸಂಶಯ ಮಾತ್ರ ಅವನಿಗೆ ಹೋಗಲಿಲ್ಲ.

ನವರಸಪುರದ ಕೋಟೆಗೋಡೆ ಪೂರ್ಣವಾಗಲೇ ಇಲ್ಲ. ರಾಜಧಾನಿಯನ್ನು ಅಲ್ಲಿಗೆ ಸಾಗಿಸಿದರೆ ಕೇಡು ಎಂದು ಜೋಯಿಸರು ಹೇಳಿದ್ದರಿಂದ ಕೆಲಸ ನಿಂತಿತೆಂಬ ಕಥೆಯುಂಟು. ಜೋಯಿಸರ ಮಾತು ಹೇಗೇ ಇರಲಿ, ಕೇಡು ಬಂದದ್ದು ೧೬೨೪ರಲ್ಲಿ. ಅಹಮದನಗರದ ನಿಜಾಮಶಾಹಿಯ ಸೂತ್ರಧಾರಿ ಮಲಿಕ್ ಅಂಬರ್ ಭಾತವಡಿಯ ಕಾಳಗದಲ್ಲಿ ಮೊಗಲ ಮತ್ತು ವಿಜಾಪುರದ ಕೂಡುಸೈನ್ಯವನ್ನು ಮುರಿದು ನೇರವಾಗಿ ಇತ್ತ ನುಗ್ಗಿದ. ವಿಜಾಪುರಕ್ಕೆ ಗಟ್ಟಿಯಾದ ಕೋಟೆಯಿತ್ತು, ಅದು ತಾಳಿಕೊಂಡಿತು. ಗೋಡೆ ಮುಗಿಯದ ನವರಸಪುರ ಸೂರೆಯಾಯಿತು. ಇಪ್ಪತ್ತೈದು ವರ್ಷ ಬಾಳಿದ ನಗರ! ಅದನ್ನು ಕಟ್ಟಿಸಿದವನು ಮತ್ತೆ ಮೂರು ವರ್ಷ ಬದುಕಿದ್ದ. ನಗರ ಮತ್ತೆ ಚೇತರಿಸಿಕೊಳ್ಳಲಿಲ್ಲ.

ಉಳಿದದ್ದೇನು? ಆಸ್ಥಾನಕವಿ ಜುಹೂರಿ ಕಿತಾಬಿಗೆ ಬರೆದ ಪಾರಸಿ ಮುನ್ನುಡಿ ಗದ್ಯದ ಮಾದರಿಯೆಂದು ಬಹುಕಾಲ ಓದಲ್ಪಟ್ಟಿತು. ಅರಸ ತಂಬೂರಿ ಹಿಡಿದು ಕುಳಿತ ಚಿತ್ರವೊಂದು, ಫರ್ರುಖ್ ಬೇಗ್‌ನ ಕುಂಚದ್ದು, ಎಲ್ಲಿಯದೋ ಪ್ರಾಗ್ ನಗರದ ಸಂಗ್ರಹಾಲಯಕ್ಕೆ ಸೇರಿದೆ. ಕಿತಾಬನ್ನು ನಜೀರ್ ಅಹಮದರು ಹಲವು ಹಸ್ತಪ್ರತಿಗಳಿಂದ ಶೋಧಿಸಿ ೧೯೫೬ರಲ್ಲಿ ದೆಹಲಿಯಿಂದ ಪ್ರಕಟಿಸಿದರು. ಅದರಲ್ಲಿ ೫೯ ಹಾಡುಗಳು, ೧೭ ದೋಹೆಗಳು. ಸರಸ್ವತಿ, ಗಣಪತಿ, ಕಲಬುರ್ಗಿಯ ಬಂದೇನವಾಜರು, ರಾಣಿ ಚಾಂದ್ ಸುಲ್ತಾನ, ಆತಶ್ ಖಾನನೆಂಬ ಆನೆ, ಮೋತಿ ಖಾನನೆಂಬ ತಂಬೂರಿ, ಎಲ್ಲರಿಗೂ ಅಲ್ಲಿ ಸಮಾನವಾದ ಪ್ರೀತಿ. ಭೂಪಾಲಿ, ಆಸಾವರಿ, ತೋಡಿ, ಕಲ್ಯಾಣ, ಕೇದಾರ ಎಂದು ಪ್ರತಿ ಹಾಡಿನ ತಲೆಯ ಮೇಲೆ ರಾಗದ ಹೆಸರುಂಟು. ಸ್ವರಲಿಪಿ ಇಲ್ಲ. ಹಾಡಿದವರ ಗಂಟಲಿನಿಂದ ಶಿಷ್ಯರ ಗಂಟಲಿಗೆ ದಾಟಬೇಕಾದ ಧಾಟಿ ದಾಟದೇ ಹೋಯಿತು.

ಅದೇ ತೊರವಿಯ ಇನ್ನೊಂದು ಹಾಡು ಹಾಗಾಗಲಿಲ್ಲ ಎಂಬುದನ್ನು ನೆನೆದರೆ ಸೋಜಿಗವಾಗುತ್ತದೆ. ಕುಮಾರ ವಾಲ್ಮೀಕಿಗೆ ಮಹಲಿರಲಿಲ್ಲ. ಅವನ ಷಟ್ಪದಿಗಳು ಗುಡಿಯ ಜಗಲಿಯಲ್ಲಿ, ಮನೆಯ ಪಡಸಾಲೆಯಲ್ಲಿ ಗಮಕಿಗಳ ಬಾಯಲ್ಲಿ ಊರಿಂದೂರಿಗೆ ನಡೆದುಹೋದವು. ಇಲ್ಲಿಂದ ಎಷ್ಟೋ ದೂರದ ಕುಂಬಳೆಯಲ್ಲಿ ಪಾರ್ತಿಸುಬ್ಬನ ರಾಮಾಯಣ ಪ್ರಸಂಗಗಳಿಗೂ ತೊರವೆಯ ರಾಮಾಯಣ ಆಕರವಾಯಿತು. ಹಾಗೆಂದು ಅರಸನನ್ನು ಹಳಿಯಲಾರೆ; ಕಾಳಗ ಹೊಸಿಲಿಗೆ ಬಂದಾಗ ಆಸ್ಥಾನದ ಗಾಯಕರಿಗೆ ಓಡಲು ಜಗಲಿಗಳಿರಲಿಲ್ಲ, ಅಷ್ಟೆ.

ನವರಸಪುರ ಉತ್ಸವವೆಂಬ ಹೆಸರಿನಲ್ಲಿ ಸರಕಾರ ಸಂಗೀತ ನೃತ್ಯಗಳನ್ನು ಏರ್ಪಡಿಸಿದ್ದುಂಟು; ನಡುವೆ ವರ್ಷಗಟ್ಟಲೆ ಮರೆತದ್ದೂ ಉಂಟು. ವಿಜಯಪುರದಲ್ಲಿ ಕಂದಗಲ್ಲ ಹನುಮಂತರಾಯರ ಹೆಸರಿನ ರಂಗಮಂದಿರವಿದೆ. ಅದು ಸರಿಯಾದ ಗೌರವವೇ. ಸಂಗೀತ ಮಹಲಿನ ಬಗೆಗೆ ನನ್ನ ಕೋರಿಕೆ ಚಿಕ್ಕದು. ಉತ್ಸವ ನಡೆದಾಗ ಆ ೫೯ ಹಾಡುಗಳಲ್ಲಿ ಒಂದೆರಡನ್ನಾದರೂ ಹೆಸರಿಸಿದ ರಾಗದಲ್ಲೇ, ನಮ್ಮ ಹಿಂದುಸ್ತಾನಿ ಗಾಯಕರು ಕೂಡಿಸಿ ಹಾಡಬೇಕು. ಧಾಟಿ ಇಂದಿನದೇ ಆಗಿರುತ್ತದೆ, ಇರಲಿ. ಹಾಡುವವರನ್ನು ಕಮಾನಿನ ನೆರಳಿನಲ್ಲಿ ಕೂಡಿಸಿ, ಗಣ್ಯರ ಕುರ್ಚಿಗಳನ್ನು ಅಂಗಳದಲ್ಲಿ ಹಾಕಿದರೆ ಸಾಕು.