ತಕ್ಕೋಲದಿಂದ ಮರಳಿದವನು

ವೀರಗಲ್ಲುಗಳು ಸಾಮಾನ್ಯವಾಗಿ ಮರಳಿ ಬಾರದವರ ನೆನಪು. ಮಂಡ್ಯ ಜಿಲ್ಲೆಯ ಆತಕೂರಿನ ಕಲ್ಲು ನನಗೆ ಇಷ್ಟವಾಗುವುದು ಅದು ಮರಳಿ ಬಂದವನ ಕಥೆಯನ್ನೂ ಹೇಳುವುದರಿಂದ.

949ರ ಸುಮಾರಿಗೆ ತಕ್ಕೋಲದ ಕಾಳಗದಲ್ಲಿ ಗಂಗರ ಬೂತುಗ ಚೋಳ ರಾಜಾದಿತ್ಯನನ್ನು ಕೊಂದ. ಅಲ್ಲಿ ಹೋರಾಡಿದ ಮಣಲೇರನ ಶೌರ್ಯಕ್ಕೆ ಮೆಚ್ಚಿದ ಅರಸ, ಬೇಕಾದ್ದು ಕೇಳೆಂದ. ಮಣಲೇರ ಕೇಳಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಮುಂದೆ ಹಂದಿಯೊಡನೆ ಸೆಣಸಿ ಸತ್ತ ಆ ಕಾಳಿಗೇ ಈ ಕಲ್ಲು.

ಕಳೆದ ತಿಂಗಳು ನನ್ನ ಗೆಳೆಯ ಸೇನಾ ತರಬೇತಿಗೆಂದು ಚೆನ್ನೈ ರೈಲು ಹತ್ತಿದ. ದಾರಿಯಲ್ಲಿ ಸಿಗುವ ಅರಕ್ಕೋಣಂನಿಂದ ತಕ್ಕೋಲ ದೂರವಿಲ್ಲ. ಕಿಟಕಿಯ ಬಳಿ ನಿಂತು ಈ ಕಥೆ ಹೇಳಿದೆ. “ಬಂದಮೇಲೆ ನಾನೂ ಒಂದು ನಾಯಿ ಸಾಕ್ತೀನಿ ಬಿಡೋ” ಎಂದು ನಕ್ಕ.

ಮಣಲೇರನನ್ನು ಕಳುಹಿಸಿಕೊಟ್ಟವರ ಮಾತು ಕಲ್ಲಿನಲ್ಲಿಲ್ಲ. ರೈಲು ಅಲುಗಿದಾಗ ಗೆಳೆಯ “ಹೋಗ್ತೀನಿ ಕಣೋ” ಎಂದ. ತಿದ್ದಿದೆ: “ಹೋಗಿ ಬರ್ತೀನಿ ಅನ್ನು.”