ಟ್ರಾನ್ಸ್‌ಫಾರ್ಮರ್ ಎಣ್ಣೆ ಮತ್ತು ಘನ ನಿರೋಧಕಗಳ ಹೊಂದಾಣಿಕೆ

ಹೆಚ್ಚು ವೋಲ್ಟೇಜಿನ ಟ್ರಾನ್ಸ್‌ಫಾರ್ಮರ್, ರಿಯಾಕ್ಟರ್, ಬುಶಿಂಗ್‌ಗಳಲ್ಲಿ ವಿದ್ಯುತ್ತು ದಾರಿ ತಪ್ಪದಂತೆ ತಡೆಯುವ ಕೆಲಸ ಎರಡು ಬಗೆಯ ವಸ್ತುಗಳದ್ದು: ಟ್ಯಾಂಕಿನಲ್ಲಿ ತುಂಬಿದ ಎಣ್ಣೆ ಮತ್ತು ಅದರಲ್ಲಿ ಮುಳುಗಿದ ಕಾಗದ, ಪ್ರೆಸ್‌ಬೋರ್ಡ್, ಮರ, ವಾರ್ನಿಶ್, ರಬ್ಬರ್ ಮುಂತಾದ ಘನಪದಾರ್ಥಗಳು. ಇವು 25-30 ವರ್ಷ ಬಿಸಿಯಲ್ಲಿ ಒಟ್ಟಿಗಿದ್ದೂ ಒಂದನ್ನೊಂದು ಕೆಡಿಸದಿರುವ ಗುಣವೇ ಹೊಂದಾಣಿಕೆ. ಎಣ್ಣೆ ಎಷ್ಟೇ ಶುದ್ಧವಾಗಿರಲಿ, ಕಾಗದ ಎಷ್ಟೇ ಉತ್ತಮವಾಗಿರಲಿ, ಜೋಡಿಯಾಗಿ ಪರೀಕ್ಷಿಸದೆ ಎರಡರಲ್ಲಿ ಯಾವುದನ್ನೂ ಒಪ್ಪುವಂತಿಲ್ಲ.

ಜೋಡಿಯ ಮೊದಲ ಲೆಕ್ಕ ವಿದ್ಯುತ್ ಒತ್ತಡದ್ದು. ಖನಿಜ ಎಣ್ಣೆಯ ಪರ್ಮಿಟಿವಿಟಿ ಸುಮಾರು 2.2, ಎಣ್ಣೆ ಕುಡಿದ ಪ್ರೆಸ್‌ಬೋರ್ಡಿನದು ಅದರ ಹತ್ತಿರಹತ್ತಿರ ಎರಡರಷ್ಟು. ಹಾಗಾಗಿ ಎಸಿ ವೋಲ್ಟೇಜಿನಲ್ಲಿ ಹೆಚ್ಚಿನ ಒತ್ತಡ ಬೀಳುವುದು ಎರಡರಲ್ಲಿ ದುರ್ಬಲವಾದ ಎಣ್ಣೆಯ ಮೇಲೆ. ತೆಳ್ಳನೆಯ ಬೋರ್ಡುಗಳನ್ನು ಅಡ್ಡಗೋಡೆಗಳಂತೆ ನಿಲ್ಲಿಸಿ ಎಣ್ಣೆಯ ಅಗಲವಾದ ಜಾಗವನ್ನು ಸಣ್ಣ ಸಣ್ಣ ಓಣಿಗಳಾಗಿ ಒಡೆಯುವುದು ಇದೇ ಕಾರಣಕ್ಕೆ.

ಕಾಗದವೂ ಪ್ರೆಸ್‌ಬೋರ್ಡೂ ಮೂಲದಲ್ಲಿ ಸೆಲ್ಯುಲೋಸ್. ಎಣ್ಣೆ ಅದರ ನಾರಿನ ಸಂದುಗಳಲ್ಲೆಲ್ಲ ಇಳಿದು ಗಾಳಿಯನ್ನು ಹೊರದೂಡುತ್ತದೆ. ಸೆಲ್ಯುಲೋಸಿನ ಶತ್ರು ನೀರು. ಟ್ರಾನ್ಸ್‌ಫಾರ್ಮರಿನೊಳಗಿನ ತೇವದ ಬಹುಪಾಲು ಎಣ್ಣೆಯಲ್ಲಿರದೆ ಕಾಗದದಲ್ಲಿ ಅಡಗಿರುತ್ತದೆ. ಬಿಸಿಯಾದಾಗ ಎಣ್ಣೆಗೆ ಬರುತ್ತದೆ, ತಣಿದಾಗ ನಿಧಾನವಾಗಿ ಹಿಂದಿರುಗುತ್ತದೆ. ಆದ್ದರಿಂದ ಕಾರ್ಖಾನೆಯಲ್ಲಿ ಎಣ್ಣೆ ತುಂಬುವ ಮೊದಲೇ ನಿರ್ವಾತದಲ್ಲಿ ಒಣಗಿಸಿ ಕಾಗದದ ತೇವವನ್ನು ಶೇ. 0.5ರ ಆಸುಪಾಸಿಗೆ ಇಳಿಸುತ್ತಾರೆ. ಹೊಸ ಕಾಗದದ ಸೆಲ್ಯುಲೋಸ್ ಸರಪಳಿಯಲ್ಲಿ ಸುಮಾರು 1,000ದಿಂದ 1,200 ಕೊಂಡಿಗಳಿರುತ್ತವೆ. ಶಾಖ, ನೀರು, ಎಣ್ಣೆಯ ಆಮ್ಲಗಳು ಅವನ್ನು ಕತ್ತರಿಸುತ್ತಾ ಹೋಗಿ ಸಂಖ್ಯೆ 200ಕ್ಕೆ ಇಳಿದರೆ ಕಾಗದದ ಆಯಸ್ಸು ಮುಗಿಯಿತು: ಬೆರಳಲ್ಲಿ ಮಡಿಸಿದರೆ ಪುಡಿಯಾಗುತ್ತದೆ. ಹೀಗೆ ಸವೆಯುವಾಗ ಹುಟ್ಟುವ ಫ್ಯೂರಾನ್ ಎಣ್ಣೆಯಲ್ಲಿ ಕರಗುವುದರಿಂದ, ಟ್ಯಾಂಕ್ ಬಿಚ್ಚದೆಯೇ ಒಂದು ಬಾಟಲಿ ಎಣ್ಣೆಯಿಂದ ಕಾಗದದ ಸ್ಥಿತಿಯನ್ನು ಅಂದಾಜು ಮಾಡಬಹುದು.

ಘನ ನಿರೋಧಕಗಳ ಕೈಗಾರಿಕೆಗೆ ಕರ್ನಾಟಕ ಹಳೆಯ ನೆಲೆ. ನಂಜನಗೂಡು ತಾಲ್ಲೂಕಿನ ತಾಂಡವಪುರ ಮತ್ತು ರಾಮನಗರ ಟ್ರಾನ್ಸ್‌ಫಾರ್ಮರಿಗೆ ಬೇಕಾದ ಪ್ರೆಸ್‌ಬೋರ್ಡ್ ತಯಾರಾಗುವ ಊರುಗಳು. ಬೆಂಗಳೂರಿನಲ್ಲಿ 1960ರಲ್ಲಿ ಆರಂಭವಾದ ಕೇಂದ್ರೀಯ ವಿದ್ಯುತ್ ಸಂಶೋಧನಾ ಸಂಸ್ಥೆ (ಸಿಪಿಆರ್‌ಐ) ಎಣ್ಣೆಯನ್ನೂ ಘನ ನಿರೋಧಕಗಳನ್ನೂ ಪರೀಕ್ಷಿಸುತ್ತದೆ.

ಎಣ್ಣೆ ಹಾಳಾದಾಗ ಕಾರಣ ಹುಡುಕುವವರು ದೊಡ್ಡ ಭಾಗಗಳನ್ನೇ ನೋಡುತ್ತಾರೆ. ಅಷ್ಟೇ ಗಮನ ಬೇಡುವಂಥವು ಚಿಕ್ಕ ವಸ್ತುಗಳು. ಪಿವಿಸಿ ಹೊದಿಕೆಯ ತುಂಡು ತಂತಿ ಒಳಗೆ ಉಳಿದರೆ ಅದನ್ನು ಮೆತ್ತಗಾಗಿಸಲು ಬೆರೆಸಿದ ರಾಸಾಯನಿಕ ಎಣ್ಣೆಗೆ ಇಳಿದು ವಿದ್ಯುತ್ ನಷ್ಟ ಏರುತ್ತದೆ. ಇತ್ತ ಹೊದಿಕೆ ಗಡಸಾಗುತ್ತದೆ. ನೈಸರ್ಗಿಕ ರಬ್ಬರ್ ಮತ್ತು ಇಪಿಡಿಎಂ ಖನಿಜ ಎಣ್ಣೆಯಲ್ಲಿ ಊದಿಕೊಳ್ಳುತ್ತವೆ. ಆದ್ದರಿಂದ ಗ್ಯಾಸ್ಕೆಟಿಗೆ ನೈಟ್ರೈಲ್ ರಬ್ಬರ್ ಅಥವಾ ಅದನ್ನು ಬೆರೆಸಿದ ಕಾರ್ಕ್ ಹಾಳೆ ರೂಢಿಯಲ್ಲಿದೆ. ಪೂರ್ತಿ ಬೇಯದ ವಾರ್ನಿಶ್ ಎಣ್ಣೆಯಲ್ಲಿ ಕರಗುತ್ತದೆ. ಸತುವಿನ ಲೇಪನ ಎಣ್ಣೆಯ ಆಮ್ಲದೊಂದಿಗೆ ಕೂಡಿ ಸಾಬೂನಿನಂಥ ಸಂಯುಕ್ತ ಕೊಡುತ್ತದೆ.

ಇದನ್ನೆಲ್ಲ ಮೊದಲೇ ಹಿಡಿಯಲು ಎಎಸ್‌ಟಿಎಂ ಡಿ 3455 ಎಂಬ ಪರೀಕ್ಷೆಯಿದೆ. ಒಂದೇ ಎಣ್ಣೆಯನ್ನು ಎರಡು ಗಾಜಿನ ಪಾತ್ರೆಗಳಲ್ಲಿ ಹಾಕಿ, ಒಂದರಲ್ಲಿ ಮಾತ್ರ ವಸ್ತುವಿನ ತುಂಡನ್ನು ಮುಳುಗಿಸಿ, ಎರಡನ್ನೂ 100 ಡಿಗ್ರಿ ಸೆಲ್ಸಿಯಸ್ ಒಲೆಯಲ್ಲಿ 164 ಗಂಟೆ ಇಡುತ್ತಾರೆ. ಹೊರತೆಗೆದ ಮೇಲೆ ಬಣ್ಣ, ಆಮ್ಲತೆ, ವಿದ್ಯುತ್ ನಷ್ಟ ತೋರುವ ಟ್ಯಾನ್ ಡೆಲ್ಟಾ, ಎಣ್ಣೆ-ನೀರಿನ ನಡುವಿನ ಮೇಲ್ಮೈ ಸೆಳೆತ ಅಳೆದು ಎರಡನ್ನೂ ಹೋಲಿಸುತ್ತಾರೆ. ಮೇಲ್ಮೈ ಸೆಳೆತ ಅತ್ಯಂತ ಸೂಕ್ಷ್ಮ: ಕಣ್ಣಿಗೆ ಎಣ್ಣೆ ತಿಳಿಯಾಗಿಯೇ ಕಂಡರೂ ಕರಗಿದ ಕಲ್ಮಶವನ್ನು ಅದು ತೋರಿಸಿಕೊಡುತ್ತದೆ. ತುಂಡಿನ ಊತ, ಗಡಸುತನ, ಬಣ್ಣವನ್ನೂ ನೋಡಲೇಬೇಕು. ಎಣ್ಣೆ ಚೆನ್ನಾಗಿದ್ದು ಗ್ಯಾಸ್ಕೆಟ್ ಊದಿದ್ದರೆ ಹೊಂದಾಣಿಕೆ ಆಗಲಿಲ್ಲವೆಂದೇ ಅರ್ಥ.

ಬಿಸಿ ನಾಡುಗಳಲ್ಲಿ ಹೊಂದಾಣಿಕೆಯ ಪ್ರಶ್ನೆ ಇನ್ನೂ ತೀಕ್ಷ್ಣ. ದುಬೈಯ ಮುಹೈಸ್ನಾವನ್ನೇ ತೆಗೆದುಕೊಳ್ಳಿ. ಸೋನಾಪುರ ಎಂದು ಭಾರತೀಯರ ಬಾಯಲ್ಲಿ ಬಳಕೆಯಲ್ಲಿರುವ ಕಾರ್ಮಿಕ ವಸತಿಗಳು ಇಲ್ಲೇ ಇವೆ. ಬೇಸಿಗೆಯಲ್ಲಿ ಉಷ್ಣಾಂಶ 45 ಡಿಗ್ರಿ ದಾಟುವ ಹೊತ್ತಿಗೇ ಆ ವಸತಿಗಳ ಎ.ಸಿ.ಗಳ ಹೊರೆಯೂ ಏರುತ್ತದೆ. ಅಂತರರಾಷ್ಟ್ರೀಯ ಮಾನದಂಡವಾದ ಐಇಸಿ 60076 ಲೆಕ್ಕ ಹಾಕುವುದೋ ಗರಿಷ್ಠ 40 ಡಿಗ್ರಿ, ವಾರ್ಷಿಕ ಸರಾಸರಿ 20 ಡಿಗ್ರಿ ಹವೆಗೆ. ದುಬೈಯ ಸರಾಸರಿ ಅದಕ್ಕಿಂತ ಬಹಳ ಹೆಚ್ಚು. ಕಾಗದದ ಸವೆತ 98 ಡಿಗ್ರಿಯಿಂದಾಚೆ ಪ್ರತಿ 6 ಡಿಗ್ರಿಗೆ ದುಪ್ಪಟ್ಟಾಗುತ್ತದೆಂದು ಐಇಸಿ ಲೋಡಿಂಗ್ ಸೂಚಿ ಗಣಿಸುತ್ತದೆ. ಹಾಗಾಗಿ ಅಂಥ ಊರುಗಳಿಗೆ ತಾಪ ಏರಿಕೆಯ ಮಿತಿಯನ್ನು ಅಷ್ಟರಮಟ್ಟಿಗೆ ಇಳಿಸಿ ಟ್ರಾನ್ಸ್‌ಫಾರ್ಮರ್ ಮಾಡಿಸುವುದು ಸರಿಯಾದ ಕ್ರಮ.

ಬಿಸಿ ಮತ್ತು ಹೊರೆ ಸೇರಿದಾಗ ಎದ್ದು ಕಂಡ ದೋಷ ತಾಮ್ರದ ಸಲ್ಫೈಡ್. ಈ ಶತಮಾನದ ಮೊದಲ ದಶಕದಲ್ಲಿ ಬ್ರೆಜಿಲ್ ಮುಂತಾದ ಕಡೆ ರಿಯಾಕ್ಟರುಗಳು, ಟ್ರಾನ್ಸ್‌ಫಾರ್ಮರುಗಳು ಸುಟ್ಟಾಗ, ಎಣ್ಣೆಯಲ್ಲಿದ್ದ ಡೈಬೆಂಜೈಲ್ ಡೈಸಲ್ಫೈಡ್ ತಾಮ್ರದೊಂದಿಗೆ ಕೂಡಿ ಕಾಗದದ ಮೇಲೆ ಕಪ್ಪು ಪದರವಾಗಿ ಕೂತದ್ದು ಗೊತ್ತಾಯಿತು. ನಿರೋಧಕವಾಗಿದ್ದ ಕಾಗದ ಅಲ್ಲಲ್ಲಿ ವಾಹಕವಾಯಿತು. ಆಗ ಚಾಲ್ತಿಯಲ್ಲಿದ್ದ ಸಲ್ಫರ್ ಪರೀಕ್ಷೆಗಳನ್ನು ಆ ಎಣ್ಣೆ ದಾಟಿತ್ತು, ಏಕೆಂದರೆ ಆ ಪರೀಕ್ಷೆಗಳಲ್ಲಿ ಕಾಗದ ಸುತ್ತಿದ ತಾಮ್ರ ಇರಲಿಲ್ಲ. 2008ರ ಐಇಸಿ 62535 ಈ ಕೊರತೆ ತುಂಬಿತು: ಕಾಗದ ಸುತ್ತಿದ ತಾಮ್ರವನ್ನು 150 ಡಿಗ್ರಿ ಎಣ್ಣೆಯಲ್ಲಿ 72 ಗಂಟೆ ಇಟ್ಟು ಬಿಚ್ಚಿ ನೋಡುವುದು.

ಎಣ್ಣೆಯ ಜಾತಿ ಬದಲಾದರೆ ಲೆಕ್ಕವೂ ಬದಲು. ನೈಸರ್ಗಿಕ ಅನಿಲದಿಂದ ಮಾಡಿದ ಎಣ್ಣೆಯಲ್ಲಿ ಅರೋಮ್ಯಾಟಿಕ್ ಅಂಶ ತೀರಾ ಕಡಿಮೆ. ಹಿಂದಿನ ಎಣ್ಣೆಯಲ್ಲಿ ಊದಿ ಒತ್ತಿಕೊಂಡಿದ್ದ ಹಳೆಯ ನೈಟ್ರೈಲ್ ಗ್ಯಾಸ್ಕೆಟ್ ಇದರಲ್ಲಿ ಕುಗ್ಗಿ ಸೋರಬಹುದು. ಎಸ್ಟರ್ ಎಣ್ಣೆ ಖನಿಜ ಎಣ್ಣೆಗಿಂತ ಹಲವು ಪಟ್ಟು ನೀರು ಹಿಡಿದು ಕಾಗದವನ್ನು ಒಣಗಿಸುತ್ತದೆ, ಬೆಂಕಿಗೂ ಸುಲಭಕ್ಕೆ ಬಗ್ಗುವುದಿಲ್ಲ. ಆದರೆ ಹೆಚ್ಚು ಗಟ್ಟಿಯಾದ್ದರಿಂದ ದಪ್ಪ ಬೋರ್ಡಿಗೆ ಇಳಿಯಲು ಹೆಚ್ಚು ಹೊತ್ತು, ಹೆಚ್ಚು ಬಿಸಿ ಬೇಕು. ಹಳೆಯ ಯಂತ್ರದ ಎಣ್ಣೆ ಬಸಿದು ಹೊಸದು ತುಂಬಿದಾಗಲೂ ಕಾಗದ, ಬೋರ್ಡು, ಮರದೊಳಗೆ ಹಳೆಯ ಎಣ್ಣೆಯ ಒಂದು ಪಾಲು ಉಳಿದೇ ಇರುತ್ತದೆ. ಅದು ನಿಧಾನವಾಗಿ ಹೊರಬಂದು ಬೆರೆಯುವುದರಿಂದ, ತುಂಬಿದ ದಿನದ ಸ್ಯಾಂಪಲ್ ಜೊತೆಗೆ ಕೆಲವು ವಾರಗಳು ಕಳೆದ ಮೇಲೆ ತೆಗೆದ ಸ್ಯಾಂಪಲನ್ನೂ ಪರೀಕ್ಷಿಸಬೇಕಾಗುತ್ತದೆ.