ಮರಳನ್ನು ಹೊಡೆದವನು

ಚೆಂಡನ್ನು ಹೊಡೆಯದೆ, ಚೆಂಡಿನ ಹಿಂದಿನ ಮರಳನ್ನು ಹೊಡೆಯುವವನೇ ಜಾಣನೆನಿಸಿಕೊಳ್ಳುವ ಪ್ರಸಂಗವೊಂದು ಗಾಲ್ಫ್ ಆಟದಲ್ಲಿ ಉಂಟು. ಆ ಜಾಣತನಕ್ಕೆ ತಕ್ಕ ಸಲಕರಣೆಯೊಂದು ರೂಪುಗೊಂಡ ಕಥೆಯನ್ನು ಇಂದು ಹೇಳಬೇಕೆಂದಿದ್ದೇನೆ.

ಗಾಲ್ಫ್ ನಮ್ಮ ನಾಡಿಗೆ ತೀರ ಹೊಸದೇನಲ್ಲ. ಬೆಂಗಳೂರಿನ ಗಾಲ್ಫ್ ಕ್ಲಬ್ಬು ಹುಟ್ಟಿದ್ದು 1876ರಲ್ಲಿ. ಆದರೂ ನಮ್ಮಲ್ಲಿ ಬಹುಮಂದಿ ಅದನ್ನು ಬೇಲಿಯ ಈಚೆಯಿಂದ ಕಂಡವರೇ, ನಾನೂ ಅವರಲ್ಲೊಬ್ಬ. ಹಾಗೆ ನೋಡುವವನ ಕಣ್ಣಿಗೆ ಬೀಳುವುದು ಆಕಾಶಕ್ಕೆ ಚಿಮ್ಮಿದ ಚೆಂಡು ಮಾತ್ರ. ಆಟ ಬಲ್ಲವರ ಎದೆ ಬಡಿದುಕೊಳ್ಳುವುದಾದರೋ ಕುಳಿಯ ಸಮೀಪದಲ್ಲಿ. ಕುಳಿಯ ಸುತ್ತ ಒಪ್ಪವಾಗಿ ಕತ್ತರಿಸಿದ ಹುಲ್ಲಿನ ನೆಲಕ್ಕೆ ಗ್ರೀನ್ ಎನ್ನುತ್ತಾರೆ. ಅದರ ಅಂಚಿನಲ್ಲಿ ಬಂಕರ್ ಎಂಬ ಮರಳಿನ ಹಳ್ಳಗಳು ಬಾಯಿ ತೆರೆದುಕೊಂಡು ಕಾದಿರುತ್ತವೆ. ಸ್ಕಾಟ್ಲೆಂಡಿನ ಕಡಲತೀರದ ದಿಬ್ಬಗಳಲ್ಲಿ ಕುರಿಗಳು ಗಾಳಿಗೆ ಮರೆಯಾಗಿ ಮಲಗಿ ಮಲಗಿ ಹುಲ್ಲು ಸವೆದು ಈ ಹಳ್ಳಗಳಾದವೆಂದು ಪ್ರತೀತಿ. ಕುರಿಗಳು ವಿನೋದಕ್ಕೆ ಮಾಡಿದ್ದಲ್ಲ. ಮನುಷ್ಯನು ಅವನ್ನು ಬೇಕೆಂದೇ ತೋಡಿ ತನಗೆ ತಾನೇ ಸಂಕಟವನ್ನು ತಂದುಕೊಂಡನು.

ಹಳೆಯ ಕಾಲದಲ್ಲಿ ಮರಳಿಗೆ ಬಿದ್ದ ಚೆಂಡನ್ನು ಎತ್ತಲು ನಿಬ್ಲಿಕ್ ಎಂಬ ಕಬ್ಬಿಣದ ತಲೆಯ ಕೋಲನ್ನು ಹಿಡಿಯುತ್ತಿದ್ದರು. ಅದರ ಅಂಚು ತೆಳುವು. ನೇಗಿಲಿನ ಗುಳ ನೆಲವನ್ನು ಕಚ್ಚುವಂತೆ ಅದು ಮರಳನ್ನು ಕಚ್ಚಿ ಅಲ್ಲಿಯೇ ಹೂತು ನಿಲ್ಲುತ್ತಿತ್ತು. ಹೂತೀತೆಂಬ ಭಯದಿಂದ ಆಟಗಾರನು ಚೆಂಡನ್ನೇ ನೇರವಾಗಿ ತಾಕಿಸಲು ಹೋದರೆ, ಅದು ಗ್ರೀನನ್ನು ದಾಟಿ ಆಚೆಯ ಹಳ್ಳಕ್ಕೆ ಬೀಳುತ್ತಿತ್ತು. ಅಂಜಿದರೂ ಸೋಲು, ಅಂಜದಿದ್ದರೂ ಸೋಲು.

ಈ ಸಂಕಟದಲ್ಲಿ ನರಳಿದವರಲ್ಲಿ ಜೀನ್ ಸರಾಜೆನ್ ಒಬ್ಬ. 1902ರಲ್ಲಿ ನ್ಯೂಯಾರ್ಕ್ ಸೀಮೆಯ ಹ್ಯಾರಿಸನ್ನಿನಲ್ಲಿ, ಇಟಲಿಯಿಂದ ವಲಸೆ ಬಂದ ಬಡಗಿಯೊಬ್ಬನ ಮಗನಾಗಿ ಹುಟ್ಟಿದವನು. ತಾಯಿತಂದೆ ಇಟ್ಟ ಹೆಸರು ಯೂಜೆನಿಯೊ ಸರಾಚೆನಿ. ಸಿರಿವಂತರ ಕೋಲಿನ ಚೀಲವನ್ನು ಹೊರುವ ಕ್ಯಾಡಿಯಾಗಿ ಬಾಲ್ಯದಲ್ಲಿಯೇ ಮೈದಾನವನ್ನು ಹೊಕ್ಕ. 1922ರಲ್ಲಿ, ಇಪ್ಪತ್ತರ ಹರೆಯದಲ್ಲಿ, ಅಮೆರಿಕದ ಓಪನ್ ಪದವಿ ಅವನದಾಯಿತು. ಆಮೇಲೆ ಹತ್ತು ವರ್ಷಗಳ ಕಾಲ ಅಮೆರಿಕದ ಓಪನ್ನಾಗಲಿ ಬ್ರಿಟಿಷ್ ಓಪನ್ನಾಗಲಿ ಅವನಿಗೆ ಒಲಿಯಲಿಲ್ಲ. ತನ್ನನ್ನು ಕೆಡಿಸುತ್ತಿರುವುದು ಮರಳೇ ಎಂಬುದನ್ನು ಅವನು ಕಂಡುಕೊಂಡನು.

ಬೇರೊಬ್ಬನಾಗಿದ್ದರೆ ತನ್ನ ಕೈಯನ್ನು ಹಳಿದುಕೊಳ್ಳುತ್ತಿದ್ದನೇನೋ. ಬಡಗಿಯ ಮಗನು ಸಲಕರಣೆಯನ್ನು ಶಂಕಿಸಿದನು. ಹೊವರ್ಡ್ ಹ್ಯೂಸ್ ಜೊತೆಗೆ ವಿಮಾನ ಹಾರಿಸುವುದನ್ನು ಕಲಿಯುತ್ತಿದ್ದಾಗ, ನೆಲ ಬಿಡುವ ಹೊತ್ತಿನಲ್ಲಿ ಬಾಲ ತಗ್ಗಿದರೆ ಮೂತಿ ಮೇಲೇಳುವುದನ್ನು ಕಂಡು ತನಗೆ ಉಪಾಯ ಹೊಳೆಯಿತೆಂದು ಆತನೇ ಹೇಳಿಕೊಂಡಿದ್ದಾನೆ. ಫ್ಲಾರಿಡಾದ ನ್ಯೂ ಪೋರ್ಟ್ ರಿಚಿಯಲ್ಲಿ ಕುಳಿತು ನಿಬ್ಲಿಕ್ಕಿನ ಅಡಿಗೆ ಲೋಹವನ್ನು ಬೆಸೆದು, ಅರದಿಂದ ಉಜ್ಜಿ, ಮರಳಿನಲ್ಲಿ ಹೊಡೆದು ನೋಡಿ, ಮತ್ತೆ ಬೆಸೆದನು. ಕೋಲಿನ ಅಡಿಯ ಹಿಂಭಾಗ ಮುಂದಿನ ಅಂಚಿಗಿಂತ ತಗ್ಗಾಯಿತು. ಗುಳವಾಗಿದ್ದದ್ದು ಕೊರಡಾಯಿತೆನ್ನಬಹುದು: ಕಚ್ಚುವುದನ್ನು ಬಿಟ್ಟು ಜಾರತೊಡಗಿತು. ಚೆಂಡಿಗೆ ಎರಡು ಅಂಗುಲ ಹಿಂದೆ ಹೊಡೆದರೆ ಸಾಕು. ಅಡಿಯು ಮರಳನ್ನು ತಾಕಿ ಪುಟಿದು ಮುಂದೆ ಸಾಗುತ್ತದೆ, ಚಿಮ್ಮಿದ ಮರಳು ಚೆಂಡನ್ನು ಹೊತ್ತು ಗ್ರೀನಿನ ಮೇಲೆ ಮೆಲ್ಲನೆ ಇಳಿಸುತ್ತದೆ. ಕೋಲಿಗೂ ಚೆಂಡಿಗೂ ಮುಟ್ಟುವ ಸಂಬಂಧವೇ ಇಲ್ಲ.

ಮರಳಿಗೆಂದೇ ಮಾಡಿದ ಕೋಲು ಅದಕ್ಕೆ ಮುಂಚೆ ಇರಲಿಲ್ಲವೆಂದಲ್ಲ. ಸೌಟಿನಂತೆ ಮುಖ ಒಳಬಾಗಿದ ಒಂದು ಕೋಲಿತ್ತು. 1930ರಲ್ಲಿ ಬಾಬಿ ಜೋನ್ಸ್ ಅದನ್ನು ಹಿಡಿದು ಬ್ರಿಟಿಷ್ ಓಪನ್ನಿನಲ್ಲಿ ಆಡಿದ್ದ. ಅದು ಚೆಂಡನ್ನು ಎರಡು ಬಾರಿ ತಾಕುತ್ತದೆಂಬ ಕಾರಣಕ್ಕೆ 1931ರಲ್ಲಿ ನಿಷಿದ್ಧವಾಯಿತು. ಸರಾಜೆನ್ನನ ಕೋಲಿನ ಮುಖ ಚಪ್ಪಟೆ. ನಿಯಮಕ್ಕೆ ಅದು ವಿರೋಧವಲ್ಲ. ಆದರೂ ಒಮ್ಮೆ ಬಿಸಿ ಹಾಲು ಕುಡಿದ ಬೆಕ್ಕಿನ ಅಂಜಿಕೆ. 1932ರಲ್ಲಿ ಬ್ರಿಟಿಷ್ ಓಪನ್ನಿಗಾಗಿ ಇಂಗ್ಲೆಂಡಿನ ಸ್ಯಾಂಡ್‌ವಿಚ್ ಊರಿನ ಪ್ರಿನ್ಸಸ್ ಮೈದಾನಕ್ಕೆ ಬಂದಾಗ ಕೋಲನ್ನು ತಲೆಕೆಳಗಾಗಿ ಚೀಲದಲ್ಲಿಟ್ಟನು. ಸಂಜೆ ಕೋಟಿನೊಳಗೆ ಅಡಗಿಸಿ ಹೋಟೆಲಿಗೆ ಒಯ್ದನು. ಆಟ ಆರಂಭವಾಗುವ ತನಕ ಹಿರಿಯರ ಕಣ್ಣಿಗೆ ಬೀಳದಿರಲೆಂದು. ಇದನ್ನು ಕಪಟವೆನ್ನಲು ನನಗೆ ಮನಸ್ಸಿಲ್ಲ. ಪೂರ್ಣ ಋಜುತ್ವವೆನ್ನಲೂ ನಾಲಗೆ ತೊಡರುತ್ತದೆ.

ಆ ಪಂದ್ಯದಲ್ಲಿ ಅವನ ಚೀಲವನ್ನು ಹೊತ್ತವನು ಡೇನಿಯಲ್ಸ್ ಎಂಬ ಮುದುಕ, ದೃಷ್ಟಿ ಮಂದವಾಗಿದ್ದವನು. 1928ರಲ್ಲಿ ಸರಾಜೆನ್ ಈತನ ಮಾತನ್ನು ಮೀರಿ ಸೋತಿದ್ದ. ಸಾಯುವ ಮುನ್ನ ನಿನ್ನನ್ನು ಗೆಲ್ಲಿಸುವೆನೆಂದು ಡೇನಿಯಲ್ಸ್ ಅಂದೇ ಮಾತು ಕೊಟ್ಟಿದ್ದ. ಈ ಬಾರಿ ಸರಾಜೆನ್ ಮೊದಲು ಮುದುಕನನ್ನು ಬೇಡವೆಂದು ಕಳುಹಿಸಿ, ಅಭ್ಯಾಸ ಕೆಟ್ಟ ಮೇಲೆ ಮರಳಿ ಕರೆಸಿಕೊಂಡನು. ಒಟ್ಟು 283 ಹೊಡೆತ, ಐದು ಹೊಡೆತಗಳ ಅಂತರದ ಜಯ. ಅಲ್ಲಿಯವರೆಗೆ ಆ ಪಂದ್ಯದಲ್ಲಿ ಅಷ್ಟು ಕಡಿಮೆ ಹೊಡೆತಗಳಲ್ಲಿ ಯಾರೂ ಮುಗಿಸಿರಲಿಲ್ಲ. ಕೆಲವೇ ತಿಂಗಳುಗಳಲ್ಲಿ ಡೇನಿಯಲ್ಸ್ ತೀರಿಕೊಂಡನು. ಅದೇ ವರ್ಷ ಅಮೆರಿಕದ ಓಪನ್ನೂ ಸರಾಜೆನ್ನನಿಗೆ ಮತ್ತೆ ದಕ್ಕಿತು.

ಮುಂದೆ ಆ ಬಗೆಯ ಕೋಲು ಎಲ್ಲರ ಚೀಲವನ್ನೂ ಸೇರಿತು. ಹಳ್ಳಕ್ಕಿದ್ದ ಭಯ ಹೋಗಿ ಆಟದ ರುಚಿ ಕೆಟ್ಟಿತೆಂದು ಗೊಣಗುವವರುಂಟು. ಅಂಥವರು ಒಮ್ಮೆ ಮರಳಿಗಿಳಿದು ನೋಡಬೇಕು. ಚೆಂಡು ಕಣ್ಣೆದುರಿಗೇ ಇರುವಾಗ ಅದನ್ನು ಬಿಟ್ಟು ಹಿಂದಿನ ಮರಳಿಗೆ ಕೈ ಬೀಸುವುದು, ಬೀಸಿದ ಕೈಯನ್ನು ನಡುವೆ ತಡೆಯದಿರುವುದು, ಇವು ಕೋಲಿನೊಡನೆ ಅಂಗಡಿಯಲ್ಲಿ ಸಿಕ್ಕುವ ವಸ್ತುಗಳಲ್ಲ.

1973ರಲ್ಲಿ ಸ್ಕಾಟ್ಲೆಂಡಿನ ಟ್ರೂನ್ ಮೈದಾನದಲ್ಲಿ ಬ್ರಿಟಿಷ್ ಓಪನ್ ನಡೆದಾಗ ಸರಾಜೆನ್ ಮತ್ತೆ ಬಂದನು. ಐವತ್ತು ವರ್ಷಗಳ ಹಿಂದೆ ಇದೇ ಟ್ರೂನಿನಲ್ಲಿ ಅರ್ಹತೆಯ ಸುತ್ತನ್ನೇ ದಾಟಲಾರದೆ ಹಿಂದಿರುಗಿದ್ದವನು. ಈಗ ವಯಸ್ಸು ಎಪ್ಪತ್ತೊಂದು. ಎಂಟನೆಯ ಕುಳಿಯ ಗ್ರೀನ್ ಬಲು ಕಿರಿದು. ಅದಕ್ಕೆ ಅಂಚೆಚೀಟಿ ಎಂದೇ ಹೆಸರು. ಮೊದಲ ದಿನ ಅಲ್ಲಿ ಅವನ ಚೆಂಡು ಒಂದೇ ಹೊಡೆತಕ್ಕೆ ಕುಳಿಯನ್ನು ಸೇರಿತು. ಮರುದಿನ ಅದೇ ಜಾಗದಲ್ಲಿ ಚೆಂಡು ಮರಳಿನ ಹಳ್ಳಕ್ಕೆ ಬಿದ್ದಿತು. ಮುದುಕನು ಹಳ್ಳಕ್ಕಿಳಿದು, ಮರಳನ್ನು ಹೊಡೆದನು. ಚೆಂಡು ಮೇಲೆದ್ದು ಗ್ರೀನಿಗಿಳಿದು ಉರುಳುತ್ತ ಹೋಗಿ ಕುಳಿಯೊಳಗೆ ಬಿದ್ದಿತು.